ಹಾರಿಸಿದವರು ಮತ್ತು ಹಾರುವಂತೆ ಮಾಡಿದವರು

ದುಕ್ಮ್ ಎಂದೊಡನೆ ಇಂದು ನೆನಪಾಗುವುದು ಬಂದರು, ಹಡಗು ದುರಸ್ತಿ ಕಟ್ಟೆ, ತೈಲ ಸಂಸ್ಕರಣಾಗಾರ ಮತ್ತು ಅಲ್ಲಿ ದುಡಿಯುವ ನಮ್ಮವರು. ಆದರೆ ಈಶಾನ್ಯದ ಕಡಲಲ್ಲಿರುವ ಮಸೀರಾ ದ್ವೀಪಕ್ಕೆ ಇದಕ್ಕಿಂತ ಹಳೆಯ ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಅದು ಬ್ರಿಟಿಷ್ ವಾಯುಪಡೆಯ ನೆಲೆಯಾಗಿತ್ತು. ಅರಬ್ಬೀ ಸಮುದ್ರದ ಹಡಗುಗಳನ್ನು ಶತ್ರುವಿನ ಜಲಾಂತರ್ಗಾಮಿಗಳಿಂದ ಕಾಯುವ ಗಸ್ತು ವಿಮಾನಗಳು ಅಲ್ಲಿಂದ ಹಾರುತ್ತಿದ್ದವು. ಆ ಕಾಲದ ಕಡಲ ಗಸ್ತಿಗೆ ಹೆಸರಾದ ವಿಮಾನ ಕ್ಯಾಟಲಿನಾ. ನೀರಿನ ಮೇಲೆ ಇಳಿಯಬಲ್ಲ ಈ ವಿಮಾನಗಳು ದುರಸ್ತಿಗೆಂದು ಬರುತ್ತಿದ್ದ ತಾಣಗಳಲ್ಲಿ ಬೆಂಗಳೂರೂ ಒಂದು. ಅಲ್ಲಿ ಅವು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದ್ದು ವಿಮಾನ ಕಟ್ಟುವುದಕ್ಕಾಗಿ. ಯುದ್ಧವು ಅದನ್ನು ಬೃಹತ್ ದುರಸ್ತಿ ಕಾರ್ಯಾಗಾರವಾಗಿಸಿತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಅದರ ಆಡಳಿತವನ್ನು ವಹಿಸಿಕೊಂಡಿತು. ಅದುವರೆಗೆ ವಿಮಾನವನ್ನು ಆಕಾಶದಲ್ಲಷ್ಟೇ ಕಂಡಿದ್ದ ತರುಣರು ಅದರ ಎಂಜಿನ್ನನ್ನು ಬಿಚ್ಚಿ ಜೋಡಿಸಲು ಕಲಿತರು.

ಯುದ್ಧ ಮುಗಿದ ಮೇಲೆ ಆ ವಿದ್ಯೆ ಸ್ವತಂತ್ರ ಭಾರತಕ್ಕೆ ಒದಗಿತು. ಮತ್ತೆ ಬಳಸಲಾಗದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳಲ್ಲಿ ಸುಮಾರು 40ಕ್ಕೆ ಇದೇ ಸಂಸ್ಥೆ ಮರುಜೀವ ಕೊಟ್ಟಿತು. ಹಾರಬಲ್ಲಷ್ಟು ಮಟ್ಟಿಗೆ ಅಲ್ಲಿಯೇ ಸರಿಪಡಿಸಿದ ವಿಮಾನಗಳನ್ನು ಪರೀಕ್ಷಾ ಚಾಲಕ ಜಮ್‌ಶೆಡ್ ಮುನ್ಷಿ ಬೆಂಗಳೂರಿಗೆ ಹಾರಿಸಿ ತಂದರು. 1948ರಲ್ಲಿ ವಾಯುಪಡೆಯನ್ನು ಸೇರಿದ ಲಿಬರೇಟರ್‌ಗಳು 1968ರವರೆಗೆ ಸೇವೆಯಲ್ಲಿದ್ದವು. ಮುನ್ಷಿಯವರ ಹೆಸರು ಇತಿಹಾಸದಲ್ಲಿ ಉಳಿದಿದೆ. ಆ ವಿಮಾನಗಳನ್ನು ಸಜ್ಜುಗೊಳಿಸಿದವರ ಹೆಸರುಗಳು ಎಲ್ಲಿವೆ?

ವಿಮಾನದ ಮೇಲಿನ ಮೋಹ ಚಾಲಕರಿಗಷ್ಟೇ ಮೀಸಲಾದುದಲ್ಲ. ಬಾಳಿನುದ್ದಕ್ಕೂ ಒಮ್ಮೆಯೂ ವಿಮಾನ ನಡೆಸದೆ ವಿಮಾನಕ್ಕಾಗಿಯೇ ಬದುಕಿದವರು ನೆಲದ ಮೇಲಿನ ತಂತ್ರಜ್ಞರು. ಚಾಲಕ ವಿಮಾನವೇರುವ ಮೊದಲು ದಾಖಲೆ ಪುಸ್ತಕದಲ್ಲಿ ಅವರ ಸಹಿ ಬೀಳಬೇಕು. ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ ಅದು ಸಿಗುವ ತನಕ ವಿಮಾನ ಕದಲುವಂತಿಲ್ಲ. ಆ ಸಹಿ ಬರಿಯ ಶಾಸ್ತ್ರವಲ್ಲ, ಇನ್ನೊಬ್ಬರ ಪ್ರಾಣಕ್ಕೆ ಕೊಟ್ಟ ಮಾತು. ಯುದ್ಧಕಾಲದಲ್ಲಿ ಎಷ್ಟು ಮಂದಿ ಮೇಲೇರಿದರು, ಎಷ್ಟು ಮಂದಿ ಮರಳಿದರು ಎಂದು ಎಣಿಸುತ್ತ ಓಡುದಾರಿಯ ಅಂಚಿನಲ್ಲಿ ಕಾದು ನಿಂತವರೂ ಅವರೇ.

ದುಕ್ಮ್‌ನ ಕಟ್ಟೆಯಲ್ಲಿ ಹಡಗಿನ ಅಡಿಯಲ್ಲಿ ನಿಂತು ಬೆಸುಗೆ ಪರೀಕ್ಷಿಸುವ ಕನ್ನಡಿಗನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಡಗು ಸುರಕ್ಷಿತವಾಗಿ ದಡ ಸೇರಿದರೆ ಯಾರೂ ಅವನನ್ನು ನೆನೆಯುವುದಿಲ್ಲ. ಸೇರದಿದ್ದರೆ ಮೊದಲು ಕೇಳುವುದು ಅವನನ್ನೇ.

ಆದುದರಿಂದಲೇ ಈ ಮನವಿಯನ್ನು ದುಕ್ಮ್‌ನಂಥ ಊರುಗಳಲ್ಲಿರುವ ಓದುಗರ ಮುಂದಿಡುತ್ತಿದ್ದೇವೆ. ಬೆಳ್ಳಂದೂರು ಕೆರೆಗೆ ಕ್ಯಾಟಲಿನಾ ಬಂದಿಳಿದಾಗ ಹದಿನೆಂಟರ ತರುಣರಾಗಿದ್ದವರಿಗೆ ಈಗ ನೂರರ ಆಸುಪಾಸು. ಆ ಪೀಳಿಗೆಯ ನೆನಪು ಬಹುಪಾಲು ಅವರೊಂದಿಗೇ ಹೋಯಿತು. ಆದರೆ 1965 ಮತ್ತು 1971ರ ಯುದ್ಧಗಳಲ್ಲಿ, ಬೆಂಗಳೂರಿನಲ್ಲಿಯೇ ತಯಾರಾಗುತ್ತಿದ್ದ ನ್ಯಾಟ್ ಮೊದಲಾದ ವಿಮಾನಗಳನ್ನು ಹಗಲಿರುಳು ಸಜ್ಜಾಗಿರಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ನಿಮ್ಮ ತಂದೆಯಿರಬಹುದು, ಅಜ್ಜನಿರಬಹುದು, ಊರಿನ ನೆರೆಮನೆಯವರಿರಬಹುದು. ತಲೆಯ ಮೇಲೆ ಸದ್ದು ಕೇಳಿದೊಡನೆ ಅಂಗಳಕ್ಕೆ ಬಂದು, ಕಾಣುವ ಮೊದಲೇ ವಿಮಾನದ ಹೆಸರು ಹೇಳುವವರು ಅವರು. ಚಾಲಕರು ಆತ್ಮಕಥೆ ಬರೆಯುತ್ತಾರೆ. ಇವರು ಬರೆಯುವುದು ವಿರಳ. ಕೇಳಿದರೆ ಮಾತ್ರ ಹೇಳುತ್ತಾರೆ.

ಶುಕ್ರವಾರದ ರಜೆಯಲ್ಲಿ ಮನೆಗೆ ಕರೆ ಮಾಡಿದಾಗ ಆರೋಗ್ಯ, ಮಳೆ, ಬೆಳೆಗಳ ಮಾತು ಮುಗಿದ ಮೇಲೆ ಇನ್ನೊಂದಿಷ್ಟು ಕೇಳಿ. ಯಾವ ನೆಲೆಯಲ್ಲಿದ್ದಿರಿ? ಯಾವ ಎಂಜಿನ್ ನಿಮ್ಮ ಕೈಗೆ ಒಲಿದಿತ್ತು? ದೀಪ ಆರಿಸಿದ ರಾತ್ರಿಗಳಲ್ಲಿ ಕೆಲಸ ಹೇಗೆ ನಡೆಯಿತು? ವಿಮಾನವೊಂದು ಮರಳಿ ಬಾರದ ದಿನ ಏನಾಯಿತು? ಫೋನಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಿ, ದಿನಾಂಕ ಬರೆದಿಡಿ. ರಜೆಗೆ ಹೋದಾಗ ಹಳೆಯ ಭಾವಚಿತ್ರಗಳ ಬೆನ್ನಿಗೆ ಅವರಿಂದಲೇ ಹೆಸರುಗಳನ್ನು ಬರೆಸಿ. ಮುಂದಿನ ರಜೆಯವರೆಗೆ ಕಾಯಬಹುದಾದ ಕೆಲಸಗಳು ಹಲವಿವೆ. ಇದು ಆ ಪಟ್ಟಿಗೆ ಸೇರಿದ್ದಲ್ಲ.