ಮ್ಯೂಸಿಯಂನಿಂದ ಮಕ್ಕಳು ಏನು ಹೊತ್ತು ಬರಬೇಕು?

ಹಳ್ಳಿಯ ಹೈಸ್ಕೂಲಿನ ಪ್ರವಾಸದ ಬಸ್ಸು ಮೈಸೂರಿಗೆ ಹೊರಟರೆ ಪಟ್ಟಿ ಹೆಚ್ಚುಕಮ್ಮಿ ಒಂದೇ. ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ. ಹೊತ್ತು ಉಳಿದರೆ ಕಾರಂಜಿ ಕೆರೆ ಪಕ್ಕದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ. 1995ರಲ್ಲಿ ಶುರುವಾದ ಈ ಮ್ಯೂಸಿಯಂ ನಮ್ಮ ಕಾಡು, ಪ್ರಾಣಿ, ಗಿಡಗಳನ್ನು ತೋರಿಸಲೆಂದೇ ಇದೆ. ಆದರೆ ಅಲ್ಲಿ ಮಕ್ಕಳು ಕಳೆಯುವುದು ಅರ್ಧ ಗಂಟೆ. ನಾವೂ ಹಾಗೆಯೇ ಸಾಲಿನಲ್ಲಿ ನಿಂತು ಹೋಗಿ, ಸಾಲಿನಲ್ಲೇ ಹೊರಗೆ ಬಂದವರು. ಊರಿಗೆ ಬಂದ ಮೇಲೆ ಯಾವ ಮೇಷ್ಟ್ರೂ ಆ ಬಗ್ಗೆ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಈಗ ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳನ್ನು 'ವಾಯುಮಾಲಿನ್ಯ ಎಂದರೇನು?' ಎಂದು ಕೇಳಿ ನೋಡಿ. ದೆಹಲಿಯ ಮಂಜು, ಬೆಂಗಳೂರಿನ ಟ್ರಾಫಿಕ್ಕು ಅನ್ನುತ್ತಾರೆ. ಅಡುಗೆಮನೆಯ ಸೌದೆ ಒಲೆ, ಗದ್ದೆಯಲ್ಲಿ ಸುಡುವ ಕಬ್ಬಿನ ರವದಿ, ಜಲ್ಲಿ ಕ್ರಷರಿನ ಬೂದುಬಣ್ಣದ ಧೂಳು, ಇಟ್ಟಿಗೆ ಗೂಡಿನ ಹೊಗೆ ಉತ್ತರದಲ್ಲಿ ಬರುವುದಿಲ್ಲ. ಅವು ದಿನಾ ಮೂಗಿಗೆ ಬರುತ್ತವೆ, ಪರೀಕ್ಷೆಗೆ ಬರುವುದಿಲ್ಲ.

ಇದು ಮಕ್ಕಳ ತಪ್ಪಲ್ಲ. ಸರ್ಕಾರದ ಲೆಕ್ಕವೂ ಹಾಗೇ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳಿಗೆ ಮಾತ್ರ. ನಮ್ಮ ರಾಜ್ಯದಿಂದ ಅದರಲ್ಲಿರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಹಳ್ಳಿ ಎಂದರೆ ಒಳ್ಳೆ ಗಾಳಿ ಎಂದು ಎಲ್ಲರೂ ನಂಬಿದ್ದಾರೆ. ಅಳೆದು ನೋಡದೆ ನಂಬಿದ್ದಾರೆ. ಕ್ರಷರಿನ ಧೂಳಿನ ಸುದ್ದಿಗೆ ಹೋದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆ ಒಂದೇ: 'ದಾಖಲೆ ಎಲ್ಲಿದೆ?' ಕೆಮ್ಮುವ ಅಜ್ಜಿ ದಾಖಲೆಯಲ್ಲ. ಬೆಳೆಯ ಮೇಲೆ ಕೂತ ಧೂಳೂ ದಾಖಲೆಯಲ್ಲ. ಸಂಖ್ಯೆ ಬೇಕು.

ಹಾಗಾಗಿ ನಮ್ಮ ಮಾತು ಇಷ್ಟು: ಮ್ಯೂಸಿಯಂ ಮಕ್ಕಳಿಗೆ ಗಾಳಿಯನ್ನು ತೋರಿಸಿದರೆ ಸಾಲದು, ಅಳೆಯುವುದನ್ನು ಕಲಿಸಿ ಊರಿಗೆ ಕಳಿಸಬೇಕು.

ಕಷ್ಟದ ಕೆಲಸವೇನಲ್ಲ. ಬಿಳಿ ರಟ್ಟಿಗೆ ವ್ಯಾಸಲೀನ್ ಸವರಿ ಒಲೆಯ ಹತ್ತಿರ ಒಂದು, ರಸ್ತೆ ಬದಿಯಲ್ಲಿ ಒಂದು, ಶಾಲೆಯ ಹೊಂಗೆ ಮರಕ್ಕೆ ಒಂದು ಕಟ್ಟಿ. ವಾರದ ನಂತರ ಭೂತಗನ್ನಡಿಯಲ್ಲಿ ಕಣಗಳನ್ನು ಎಣಿಸಿ. ಇದರಲ್ಲಿ ಸಿಗುವುದು ದಪ್ಪ ಧೂಳು ಮಾತ್ರ. ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗದಷ್ಟು, ಅಥವಾ ಅದಕ್ಕೂ ಸಣ್ಣದು. ಅದನ್ನು ಅಳೆಯಲು ಬೆಳಕಿನ ಚದುರುವಿಕೆ ನೋಡುವ ಪುಟ್ಟ ಮೀಟರುಗಳಿವೆ, ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ. ಮಳೆಗಾಲದ ತೇವದಲ್ಲಿ ಅವು ಹೆಚ್ಚು ತೋರಿಸುತ್ತವೆ. ಆದ್ದರಿಂದ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರದ ಪಕ್ಕ ಇಟ್ಟು ತಾಳೆ ನೋಡಬೇಕು. ಇಲ್ಲೇ ಮ್ಯೂಸಿಯಂನ ಕೆಲಸ ಇರುವುದು. ಮೀಟರನ್ನು ತಾಳೆ ನೋಡಿ, ಲೈಬ್ರರಿ ಪುಸ್ತಕದ ಹಾಗೆ ಶಾಲೆಗಳಿಗೆ ಎರವಲು ಕೊಡಬಹುದು. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನ ಸಂಚಾರಿ ವಿಜ್ಞಾನ ಬಸ್ಸು ಹಳ್ಳಿಗಳಿಗೆ ಬರುತ್ತದೆ. ಅದೇ ಬಸ್ಸಿನಲ್ಲಿ ಮೀಟರೂ ಬರಲಿ.

ಮೀಟರು ಬರುವ ತನಕ ಮರ ನೋಡಲಿ. ಮಸಾಲೆ ಡಬ್ಬಿಯ ಕಲ್ಲುಹೂವು ಎಲ್ಲರಿಗೂ ಗೊತ್ತು. ಆ ಜಾತಿಯ ಜೀವಿಗಳಿಗೆ ಬೇರಿಲ್ಲ, ನೀರು ಪೋಷಣೆಯನ್ನೆಲ್ಲ ಬಹುಪಾಲು ಗಾಳಿ ಮಳೆಯಿಂದಲೇ ಹೀರುತ್ತವೆ. ಗಂಧಕದ ಹೊಗೆ ಹೆಚ್ಚಾದರೆ ಸೂಕ್ಷ್ಮವಾದವು ಮೊದಲು ಕಾಣೆಯಾಗುತ್ತವೆ. ಹೆದ್ದಾರಿ ಪಕ್ಕದ ಮರದ ಕಾಂಡ, ತೋಟದ ಒಳಗಿನ ಮರದ ಕಾಂಡ ಎರಡನ್ನೂ ಹೋಲಿಸಿ ಚಿತ್ರ ಬರೆಯುವ ಹುಡುಗಿಗೆ ಗಾಳಿಯ ಪಾಠ, ಮರದ ಪಾಠ ಬೇರೆ ಬೇರೆ ಅನ್ನಿಸುವುದಿಲ್ಲ.

ಎಸ್ಸೆಸ್ಸೆಲ್ಸಿ ಇರುವಾಗ ಇದೆಲ್ಲ ಯಾಕೆ ಎಂದು ಮೇಷ್ಟ್ರುಗಳು ಕೇಳಬಹುದು. ವಾರಕ್ಕೆ ಒಂದು ಗಂಟೆ ಸಾಕು. ಗಣಿತದ ಸರಾಸರಿ, ನಕ್ಷೆ ಇದರಲ್ಲೇ ಬರುತ್ತವೆ.

ನಮಗಿರುವ ಅಳುಕು ಬೇರೆ. ಮೀಟರು ಒಲೆಯ ಮುಂದೆ ಏರಿದಾಗ ಮಗ 'ಅವ್ವಾ, ಎಲ್ಲಾ ನಿನ್ನಿಂದಲೇ' ಅನ್ನಬಾರದು. ಹೊಗೆ ಹೆಚ್ಚು ಕುಡಿದವಳು ಅವಳೇ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಮನೆಗೆ ಸಿಲಿಂಡರ್ ಬಂತು. ಆದರೆ ಮತ್ತೆ ತುಂಬಿಸಲು ದುಡ್ಡಿಲ್ಲದ ಮನೆಯಲ್ಲಿ ಅದು ಮೂಲೆಗೆ ಕೂತು ಸೌದೆ ಮತ್ತೆ ಬಂದಿದೆ. ಮಗು ಕಲಿಯಬೇಕಾದದ್ದು 'ಅವ್ವ ಯಾಕೆ ಸೌದೆ ಉರಿಸುತ್ತಾಳೆ?' ಎಂಬ ಪ್ರಶ್ನೆಯನ್ನು. ಆ ಪ್ರಶ್ನೆ ಇಲ್ಲದ ಪರಿಸರ ಪಾಠ ಬಡವರ ಮೇಲೆ ಇನ್ನೊಂದು ದೂರು, ಅಷ್ಟೆ.

ಈ ಲೆಕ್ಕ ಎಲ್ಲಿಗೆ ಹೋಗಬೇಕು? ನಮ್ಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮ ಸಭೆ ಎಂಬುದಿದೆ. ಅಲ್ಲಿ ಮಕ್ಕಳು ಶೌಚಾಲಯ, ಬಸ್ಸು, ಕುಡಿಯುವ ನೀರು ಕೇಳುತ್ತಾರೆ. ಇನ್ನು ಮುಂದೆ ಮೂರು ತಿಂಗಳ ಗಾಳಿಯ ಲೆಕ್ಕವನ್ನೂ ಮುಂದಿಡಲಿ. ಒಂದು ದಿನದ ಪಿಎಂ 2.5 ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಹೇಳುತ್ತಿರುವುದು 15. ನಮ್ಮೂರಿನದು ಎಷ್ಟು ಎಂದು ಹತ್ತನೇ ಕ್ಲಾಸಿನ ಹುಡುಗಿ ಪಿಡಿಓ ಎದುರು ನಿಂತು ಓದಿದರೆ, ಅವರು ಒಂದು ಉತ್ತರ ಬರೆದುಕೊಳ್ಳಲೇಬೇಕಾಗುತ್ತದೆ.

ಈ ಸಲ ಪ್ರವಾಸಕ್ಕೆ ಹೊರಡುವ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ: ಪಟ್ಟಿಯಲ್ಲಿ ಒಂದು ಜಾಗ ಕಡಿಮೆ ಮಾಡಿ, ಮ್ಯೂಸಿಯಂಗೆ ಅರ್ಧ ದಿನ ಕೊಡಿ. ಅಲ್ಲಿನವರಿಗೆ ಮೊದಲೇ ಪತ್ರ ಬರೆದು, ಮಕ್ಕಳ ಕೈಗೆ ಮಾಡಲು ಒಂದು ಕೆಲಸ ಕೊಡಿಸಿ. ಆ ಮಕ್ಕಳ ಲೆಕ್ಕವನ್ನು ನಾವು ಸುದ್ದಿ ಮಾಡುತ್ತೇವೆ.