ಆಕಾಶದ ಕಣ್ಣು, ಹೊಲದ ಸಾಕ್ಷಿ

ಬದುವಿನ ಮೇಲೆ ನಿಂತು ಪೈರಿನ ಬಣ್ಣ ನೋಡಿ ಬೆಳೆ ಏಳುತ್ತದೆಯೋ ಇಲ್ಲವೋ ಎಂದು ಹೇಳುವುದು ನಮ್ಮ ರೈತರಿಗೆ ಹೊಸ ವಿದ್ಯೆಯಲ್ಲ. ಅದೇ ಬಣ್ಣವನ್ನು ಈಗ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳೂ ನೋಡುತ್ತಿವೆ. ತಾಲ್ಲೂಕು ಬರಪೀಡಿತವೇ ಅಲ್ಲವೇ, ಇಳುವರಿ ಎಷ್ಟು, ವಿಮೆಯ ಹಣ ಎಷ್ಟು ಎಂಬ ತೀರ್ಮಾನಗಳು ಇಂದು ಸ್ವಲ್ಪಮಟ್ಟಿಗೆ ಆ ನೋಟವನ್ನೇ ಅವಲಂಬಿಸಿವೆ. ಆದ್ದರಿಂದ ಆಕಾಶದ ಆ ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ವಿಜ್ಞಾನಿಗಳಷ್ಟೇ ತಿಳಿದರೆ ಸಾಲದು. ಬೆಳೆ ಬೆಳೆಯುವವರೂ ತಿಳಿದಿರಬೇಕು.

ನಮ್ಮ ದೇಶದಲ್ಲಿ ಈ ದೂರಸಂವೇದಿ ವಿದ್ಯೆ ಆರಂಭವಾದದ್ದೇ ತೆಂಗಿನ ತೋಟಗಳ ಮೇಲೆ. ಅದರ ಹಿಂದಿದ್ದವರು ಪ್ರೊ. ಪಿ. ಆರ್. ಪಿಷಾರೋಟಿ. 1909ರಲ್ಲಿ ಕೇರಳದ ಕೊಲ್ಲಂಗೋಡಿನಲ್ಲಿ ಹುಟ್ಟಿದ ಅವರು ಮೊದಲು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆಯ ಪಾಠ ಕಲಿತು, ಅನಂತರ ಹವಾಮಾನ ಇಲಾಖೆಯನ್ನು ಸೇರಿದರು. 1962ರಲ್ಲಿ ಪುಣೆಯಲ್ಲಿ ಆರಂಭವಾದ ಉಷ್ಣವಲಯದ ಹವಾಮಾನ ಸಂಸ್ಥೆಗೆ ಅವರೇ ಮೊದಲ ನಿರ್ದೇಶಕರು. ಮುಂದೆ ಡಾ. ವಿಕ್ರಮ್ ಸಾರಾಭಾಯಿ ಅವರ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬಂದರು. ಭಾರತದ ದೂರಸಂವೇದಿ ವಿದ್ಯೆಯ ಪಿತಾಮಹ ಎಂದು ಹೆಸರಾದ ಅವರು 2002ರಲ್ಲಿ ತೀರಿಕೊಂಡರು.

ಕೇರಳದ ತೆಂಗಿಗೆ ಬಹುಕಾಲದಿಂದ ಬೇರು ಸೊರಗು ರೋಗದ ಕಾಟ. 1882ರ ದೊಡ್ಡ ನೆರೆಯ ಅನಂತರ ಕಾಣಿಸಿಕೊಂಡಿತೆಂದು ದಾಖಲಾಗಿರುವ ಈ ರೋಗ ಮರವನ್ನು ಒಮ್ಮೆಲೇ ಕೊಲ್ಲುವುದಿಲ್ಲ. ಗರಿ ಸೊರಗಿಸಿ, ಫಸಲು ಇಳಿಸಿ, ವರ್ಷಾನುವರ್ಷ ಒಡೆಯನನ್ನು ಸೋಲಿಸುತ್ತದೆ. ರೋಗ ಎಲ್ಲಿಯವರೆಗೆ ಹಬ್ಬಿದೆ ಎಂದು ಒಂದೊಂದೇ ಮರದ ಬುಡಕ್ಕೆ ಹೋಗಿ ಎಣಿಸುವುದು ಎಂದಿಗೆ ಮುಗಿದೀತು? 1970ರ ಸುಮಾರಿಗೆ ಪಿಷಾರೋಟಿಯವರ ತಂಡ ಹೆಲಿಕಾಪ್ಟರ್ ಏರಿ, ವಿಶೇಷ ಫಿಲ್ಮಿನಲ್ಲಿ ಆ ತೋಟಗಳ ಚಿತ್ರ ತೆಗೆಯಿತು. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಡಿಯುವ ಫಿಲ್ಮ್ ಅದು. ಅದರಲ್ಲಿ ಆರೋಗ್ಯವಂತ ಮರದ ತಲೆ ಕಡುಕೆಂಪಾಗಿಯೂ ರೋಗದ ಮರದ ತಲೆ ಮಂಕಾಗಿಯೂ ಮೂಡಿತು. ಕೆಳಗೆ ನಿಂತವರಿಗೆ ಎರಡೂ ಹಸಿರೇ ಆಗಿದ್ದರೂ ಮೇಲಿನಿಂದ ಭೇದ ತಿಳಿಯಿತು.

ಇದರಲ್ಲಿ ಮಾಯಮಂತ್ರವಿಲ್ಲ. ಎಲೆ ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಆಹಾರ ತಯಾರಿಕೆಗೆ ಹೀರಿಕೊಳ್ಳುತ್ತದೆ. ಅವಗೆಂಪನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಎಲೆ ಸೊರಗಿದರೆ ಈ ಎರಡರ ಅಂತರ ಕುಗ್ಗುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಒಳ್ಳೆಯ ಪೈರು ನೂರರಲ್ಲಿ 50 ಪಾಲು ಅವಗೆಂಪನ್ನೂ 10 ಪಾಲು ಕೆಂಪನ್ನೂ ಮರಳಿಸಿತೆನ್ನೋಣ. ಎರಡರ ವ್ಯತ್ಯಾಸ 40, ಮೊತ್ತ 60, ಭಾಗಿಸಿದರೆ 0.67. ಸೊರಗಿದ ಪೈರು 30 ಮತ್ತು 20 ಪಾಲು ಮರಳಿಸಿದರೆ, 10ನ್ನು 50ರಿಂದ ಭಾಗಿಸಿ ಬರುವುದು 0.2. ಈ ಅಂಕಿಗೇ ಹಸಿರು ಸೂಚ್ಯಂಕವೆಂದು ಹೆಸರು. ಇಂದು ಬರದ ಲೆಕ್ಕ, ಬೆಳೆಯ ಅಂದಾಜುಗಳಿಗೆಲ್ಲ ಇದು ಒಂದು ಮುಖ್ಯ ಆಧಾರ.

ಹೆಲಿಕಾಪ್ಟರಿನಿಂದ ಆರಂಭವಾದ ಈ ನೋಟ ಬೇಗನೆ ಉಪಗ್ರಹಕ್ಕೇರಿತು. 1979ರ ಜೂನ್ 7ರಂದು ಹಾರಿದ ಭಾಸ್ಕರ-1ರ ಟಿ.ವಿ. ಕ್ಯಾಮರಾದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ಸುಮಾರು ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ! ಅದೇ ಉಪಗ್ರಹದಲ್ಲಿ ಸಮುದ್ರದ ಮೇಲಿನ ಗಾಳಿಯ ತೇವವನ್ನು ಅಳೆಯುವ ಉಪಕರಣವೂ ಇತ್ತು. 1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹದ ಸೂಕ್ಷ್ಮ ಕ್ಯಾಮರಾದಲ್ಲಿ ಚುಕ್ಕೆ ಸುಮಾರು 13 ಗುಂಟೆಗೆ ಇಳಿಯಿತು. 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳಲ್ಲಿ ಅದು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಹೆಚ್ಚುಕಡಿಮೆ ಒಂದೇ ಗುಂಟೆ. ಮುಂಗಾರಿನ ಮೋಡ ಅಡ್ಡ ಬಂದರೆ ಇಂಥ ಕ್ಯಾಮರಾಗಳು ಕುರುಡಾಗುತ್ತವೆ. ಆಗ ಮೋಡವನ್ನು ತೂರಿ ನೋಡುವ ರಡಾರ್ ಬೇಕು. ಭಾರತ ಮತ್ತು ಅಮೆರಿಕ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿಸಿದ ನಿಸಾರ್ ಉಪಗ್ರಹ ಅಂಥದು.

ಚುಕ್ಕೆ ಇಷ್ಟು ಚಿಕ್ಕದಾದ ಮೇಲೆ ಇನ್ನೇನು ಕೊರತೆ ಎಂದು ಕೆಲವರು ಕೇಳಬಹುದು. ಕೊರತೆ ಇರುವುದು ಚುಕ್ಕೆಯ ಅಳತೆಯಲ್ಲಲ್ಲ, ಅದರ ಅರ್ಥದಲ್ಲಿ. ಫಿಲ್ಮಿನ ಮೇಲಿನ ಮಂಕು ಬಣ್ಣ ರೋಗವೆಂದು ಹೇಳಬೇಕಾದರೆ ಆ ಮರದ ಬುಡಕ್ಕೆ ಹೋಗಿ ನೋಡಿ ಬಂದವರು ಬೇಕೇ ಬೇಕು. ನೆಲದ ಸಾಕ್ಷಿಯಿಲ್ಲದ ಚಿತ್ರ ಬರಿಯ ಬಣ್ಣ.

ಈ ಮಾತಿನ ಬೆಲೆ ಕರ್ನಾಟಕಕ್ಕೆ 2023ರಲ್ಲಿ ಚೆನ್ನಾಗಿ ತಿಳಿಯಿತು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ಇಡೀ ದೇಶದಲ್ಲೇ ಅತ್ಯಂತ ಒಣ ಆಗಸ್ಟ್ ಎನಿಸಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಆದರೆ ನಡುನಡುವೆ ಬಿದ್ದ ಹನಿ ಮಳೆಗೆ ಅನೇಕ ಕಡೆ ಪೈರೂ ಕಳೆಯೂ ಹಸಿರಾಗಿಯೇ ನಿಂತಿದ್ದವು. ತೆನೆಯಲ್ಲಿ ಕಾಳಿಲ್ಲ, ಹೊಲದಲ್ಲಿ ಹಸಿರಿದೆ! ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬಂತೆ ಸೂಚ್ಯಂಕಕ್ಕೆ ಎಲ್ಲವೂ ಚೆನ್ನಾಗಿಯೇ ಕಂಡಿತು. ಇದನ್ನೇ 'ಹಸಿರು ಬರ' ಎಂದು ರಾಜ್ಯ ಸರ್ಕಾರ ಕೇಂದ್ರದ ಮುಂದೆ ವಾದಿಸಿತು. ಉಪಗ್ರಹ ಸುಳ್ಳು ಹೇಳಲಿಲ್ಲ. ಹಸಿರಿದೆ ಎಂದಿತು, ಹಸಿರಿತ್ತು. ಕಾಳು ಕಟ್ಟಿದೆಯೇ ಎಂಬ ಪ್ರಶ್ನೆಗೆ ಉತ್ತರ ಹೊಲದಲ್ಲಿತ್ತು. ಕೇಂದ್ರದ 2016ರ ಬರ ಕೈಪಿಡಿಯೇ ಶೇಕಡ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕಿಳಿದು ಪರಿಶೀಲಿಸಬೇಕೆಂದು ಹೇಳಿರುವುದು ಇದೇ ಕಾರಣಕ್ಕೆ.

ಬೆಳೆ ವಿಮೆಯಲ್ಲೂ ಇದೇ ದಾರಿ. ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕದಲ್ಲಿ ದೂರಸಂವೇದಿ ಅಂದಾಜಿಗೆ ಕನಿಷ್ಠ ಶೇಕಡ 30ರಷ್ಟು ತೂಕ ಕೊಡುವ ಕ್ರಮವನ್ನು ಫಸಲ್ ಬಿಮಾ ಯೋಜನೆಯಲ್ಲಿ 2023ರಲ್ಲಿ ತರಲಾಯಿತು. ಇದನ್ನು ವಿರೋಧಿಸುವುದರಲ್ಲಿ ಅರ್ಥವಿಲ್ಲ. ಬೆಳೆ ಕಟಾವು ಪ್ರಯೋಗಗಳಲ್ಲಿ ನಡೆಯುತ್ತಿದ್ದ ವಿಳಂಬ, ಕುಳಿತಲ್ಲೇ ತುಂಬಿದ ಅಂಕಿ, ಕೈವಾಡಗಳನ್ನು ಹಳ್ಳಿಯವರೇ ಬಲ್ಲರು. ಆಕಾಶದ ಕಣ್ಣಿಗೆ ಪಕ್ಷಪಾತವಿಲ್ಲ. ಆದರೆ ಅದಕ್ಕೆ ಸರಿಯಾದ ಸಾಕ್ಷಿ ಒದಗಿಸುವ ಕೆಲಸವನ್ನು ನಾವು ಮಾಡದಿದ್ದರೆ ಆ ನಿಷ್ಪಕ್ಷಪಾತದಿಂದ ನಮಗೆ ದಕ್ಕುವುದೇನು?

ಇಲ್ಲಿ ರೈತರು ಮಾಡಬೇಕಾದದ್ದೂ ಇದೆ. 2020ರಿಂದ ಕರ್ನಾಟಕದಲ್ಲಿ ರೈತರೇ ತಮ್ಮ ಬೆಳೆ ಸಮೀಕ್ಷೆಯನ್ನು ಮೊಬೈಲಿನಲ್ಲಿ ದಾಖಲಿಸುವ ಅವಕಾಶವಿದೆ. ಹೊಲದಲ್ಲಿ ನಿಂತು, ಸರ್ವೆ ನಂಬರಿಗೆ ತಕ್ಕ ಬೆಳೆಯನ್ನೇ ದಾಖಲಿಸಬೇಕು. ತೊಗರಿಯ ಸಾಲಿನ ನಡುವೆ ಹೆಸರು ಇದ್ದರೆ ಎರಡನ್ನೂ ತೋರಿಸಬೇಕು. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ಮತ್ತೊಂದು ಆದರೆ ಪರಿಹಾರ ಅಲ್ಲಿಗೇ ನಿಲ್ಲುತ್ತದೆ. ತಮ್ಮ ಕೈಲಾಗದವರು ಓದಿದ ಮಕ್ಕಳ ನೆರವು ಪಡೆಯಲಿ. ಬೇರೆಯವರು ಬಂದು ದಾಖಲಿಸಿದ್ದರೆ ಅದು ಸರಿಯಿದೆಯೇ ಎಂದು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಪರಿಶೀಲನಾ ತಂಡ ಬಂದ ದಿನ ಹೊಲದಲ್ಲಿರಬೇಕು. ತೆನೆ ಮುರಿದು ಜೊಳ್ಳನ್ನು ತೋರಿಸುವ ಕೆಲಸವನ್ನು ಯಾವ ಉಪಗ್ರಹವೂ ಮಾಡಲಾರದು.

ಸರ್ಕಾರದ ಹೊಣೆ ಇದಕ್ಕಿಂತ ದೊಡ್ಡದು. ಗ್ರಾಮ ಪಂಚಾಯಿತಿಯ ಹಸಿರು ಸೂಚ್ಯಂಕ ಎಷ್ಟು, ಕಳೆದ ವರ್ಷಗಳಲ್ಲಿ ಎಷ್ಟಿತ್ತು, ಯಾವ ಹೊಲಗಳನ್ನು ಪರಿಶೀಲನೆಗೆ ಆರಿಸಿದ್ದಾರೆ ಎಂಬ ವಿವರವನ್ನು ಪಂಚಾಯಿತಿ ಕಚೇರಿಯ ಹಲಗೆಯ ಮೇಲೆ ಕನ್ನಡದಲ್ಲಿ ಹಾಕಬೇಕು. ಮಳೆಯ ಅಂಕಿ ಓದಬಲ್ಲ ರೈತರು ಈ ಅಂಕಿಯನ್ನೂ ಓದಬಲ್ಲರು. ತೀರ್ಮಾನ ಹೊರಬೀಳುವ ಮುನ್ನ ಗ್ರಾಮಸಭೆಯ ಮುಂದೆ ಇಟ್ಟು ಆಕ್ಷೇಪಣೆ ಕೇಳಿದರೆ ಅರ್ಧ ತಕರಾರು ಅಲ್ಲೇ ಬಗೆಹರಿಯುತ್ತದೆ. ಕಂಪ್ಯೂಟರಿನಲ್ಲಿ ಹೀಗೆ ಬಂದಿದೆ, ನಾವೇನು ಮಾಡುವುದು ಎಂಬ ಉತ್ತರ ಇನ್ನು ನಡೆಯಕೂಡದು.

ಪಿಷಾರೋಟಿಯವರ ಬದುಕಿನಲ್ಲೂ ಈ ಪಾಠವಿದೆ. ಮುಂಗಾರಿನ ನೀರಿನಲ್ಲಿ ಹೆಚ್ಚಿನ ಪಾಲು ಅರಬ್ಬೀ ಸಮುದ್ರದಿಂದಲೇ ಆವಿಯಾಗಿ ಬರುತ್ತದೆಂದು ಅವರು 1965ರಲ್ಲಿ ಲೆಕ್ಕಹಾಕಿ ತೋರಿಸಿದ್ದರು. ಅನಂತರ ಬಂದ ವಿಜ್ಞಾನಿಗಳು ಭೂಮಧ್ಯರೇಖೆಯ ದಕ್ಷಿಣದಿಂದ ಬರುವ ತೇವದ ಪಾಲೂ ದೊಡ್ಡದೆಂದು ಹೊಸ ಅಳತೆಗಳಿಂದ ತೋರಿಸಿದರು. ಅದರಿಂದ ಅವರ ಹಿರಿಮೆಗೆ ಕುಂದು ಬರಲಿಲ್ಲ. ಲೆಕ್ಕವನ್ನು ಎಲ್ಲರ ಮುಂದಿಟ್ಟು ತಿದ್ದಲು ಬಿಡುವುದೇ ವಿಜ್ಞಾನದ ರೀತಿ. ದೊಡ್ಡ ವಿಜ್ಞಾನಿಯ ಲೆಕ್ಕಕ್ಕೇ ತಿದ್ದುಪಡಿ ಸಲ್ಲುವುದಾದರೆ, ರೈತರ ಅನ್ನದ ಪ್ರಶ್ನೆಯಾದ ಬರ ಮತ್ತು ವಿಮೆಯ ಲೆಕ್ಕಕ್ಕೆ ಸಲ್ಲಬಾರದೇಕೆ? ಉಪಗ್ರಹದ ಚಿತ್ರವೂ ಹೊಲದ ತೆನೆಯೂ ಒಂದೇ ಮೇಜಿನ ಮೇಲೆ ಬರಲಿ. ಆಗ ಮಾತ್ರ ಈ ವಿದ್ಯೆ ರೈತರ ಕೈಗೆ ಬಂದಂತೆ.