ನಗೆ ಯಾರ ಮೇಲೆ?

ಜಯನಗರದಲ್ಲಿ ಮೆಟ್ರೊ ಹತ್ತಿ ಬನಶಂಕರಿಯಲ್ಲಿ ಇಳಿಯುವುದು ನನಗೆ ಬಹುಕಾಲದ ರೂಢಿ. ಆ ಮಾರ್ಗ ತೆರೆದದ್ದು 2017ರ ಜೂನ್ ತಿಂಗಳಲ್ಲಿ. ಗಾಡಿಯೊಳಗೆ ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ತಿಳಿಸುತ್ತಿದ್ದ ದನಿ ಅಪರ್ಣಾ ಅವರದು. ಅಲ್ಪಪ್ರಾಣ ಮಹಾಪ್ರಾಣಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿ, ಅವಸರವಿಲ್ಲ, ಆಡಂಬರವಿಲ್ಲ. ಅದೇ ದನಿ ವಾರಾಂತ್ಯದ ರಾತ್ರಿ ನಮ್ಮ ಮನೆಯ ಕಿರುತೆರೆಯಲ್ಲಿ 'ಒನ್ ಅಂಡ್ ಓನ್ಲಿ ವರಲಕ್ಷ್ಮಿ'ಯಾಗಿ ಅಬ್ಬರಿಸುತ್ತಿತ್ತು. ಎರಡೂ ಒಂದೇ ಕಂಠವೆಂದು ನಂಬಲು ನನಗೆ ಕೆಲವು ವಾರಗಳೇ ಹಿಡಿದವು.

ಸೃಜನ್ ಲೋಕೇಶ್ ನಡೆಸಿಕೊಟ್ಟ 'ಮಜಾ ಟಾಕೀಸ್' 2015ರಲ್ಲಿ ಆರಂಭವಾಯಿತು. ನಡುನಡುವೆ ನಿಂತು, 2025ರಲ್ಲಿ ಮತ್ತೊಮ್ಮೆ ಮರಳಿತು. ಒಂದು ಮನೆ, ಅಲ್ಲಿಗೆ ಬಂದುಹೋಗುವ ವಿಚಿತ್ರ ಮಂದಿ, ಚಿತ್ರರಂಗದ ಅತಿಥಿಗಳು: ಇಷ್ಟು ಅದರ ಹಂದರ. ಮೊದಲ ದಿನಗಳಲ್ಲಿ ನಾನು ಮನಸಾರೆ ನಕ್ಕಿದ್ದೇನೆ. ಶುದ್ಧ ಕನ್ನಡಕ್ಕೆ ಹೆಸರಾದ ನಿರೂಪಕಿಯೊಬ್ಬರು ತಮ್ಮ ಭಾಷೆಯನ್ನು ತಾವೇ ಕೆಡಿಸಿಕೊಂಡು, ಅರೆ ಇಂಗ್ಲಿಷಿನ ಜಂಬವನ್ನು ಮೈತುಂಬ ಹೊದ್ದು ನಿಂತರು. ಕೈಲಾಸಂ ತೋರಿಸಿಕೊಟ್ಟ ಹಳೆಯ ಹಾದಿ ಅದು. ವರಲಕ್ಷ್ಮಿಯನ್ನು ಕಂಡು ನಕ್ಕವನು ಒಳಗೊಳಗೆ ತನ್ನ ಜಂಬವನ್ನೂ ಗುರುತಿಸಿಕೊಂಡು ನಗುತ್ತಿದ್ದ.

ವರುಷಗಳು ಕಳೆದಂತೆ, ನನಗೆ ಕಂಡಮಟ್ಟಿಗೆ, ಆ ಮನೆ ಛತ್ರವಾಯಿತು. ಅತಿಥಿಯ ಹೊಸ ಚಿತ್ರದ ಪ್ರಚಾರ ಬೆಳೆಯಿತು. ಪಾತ್ರಗಳ ಮಾತು ಸೊರಗಿತು. ಪಾತ್ರ ಸೊರಗಿದ ಕಡೆ ಮೈ ಮುಂದೆ ಬರುತ್ತದೆ: ಒಬ್ಬನ ಹೊಟ್ಟೆ, ಒಬ್ಬನ ಬಣ್ಣ, ಮತ್ತೊಬ್ಬನ ಕುಳ್ಳು. ಇದು ಒಂದೇ ಕಾರ್ಯಕ್ರಮದ ದೋಷವಲ್ಲ. ನಮ್ಮ ಕಿರುತೆರೆಯ ಹಾಸ್ಯಕ್ಕೆಲ್ಲ ತಗುಲಿರುವ ಜಾಡ್ಯ.

ಪಕ್ಕದ ಮನೆಯ ಕಾಲೇಜು ಹುಡುಗನಿಗೆ ಇದನ್ನು ಹೇಳಿದೆ. "ನಿಮಗೆ ಹಳೆಯದೆಲ್ಲ ಚೆನ್ನ ಸಾರ್. ಆಗಲೂ ಗಂಡಸರು ಸೀರೆ ಉಟ್ಕೊಂಡು ಕುಣೀತಿದ್ರು" ಎಂದ. ಮಾತಿನಲ್ಲಿ ಸತ್ಯವಿದೆ. ವಿಕೃತ ವೇಷ, ಅಂಗವೈಕಲ್ಯದ ದರ್ಶನ ಇವುಗಳನ್ನು ಭರತನೂ ಹಾಸ್ಯದ ಕಾರಣಗಳಲ್ಲಿ ಎಣಿಸಿದ್ದಾನೆ. ಆದರೆ ಅವನೇ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹಂಚಿದ. ಜನರಲ್ಲಿ ಅವನು ಮಾಡಿದ ಪಂಕ್ತಿಭೇದ ನನಗೆ ಒಪ್ಪಿಗೆಯಿಲ್ಲ. ನಗೆಯಲ್ಲಿ ಮೇಲುಕೀಳು ಉಂಟೆಂಬುದು ಮಾತ್ರ ಒಪ್ಪಿಗೆ. ಅದನ್ನು ಅಳೆಯುವುದು ಹೇಗೆ?

ಅಳತೆಗೋಲು ನನಗೆ ದೊರೆತದ್ದು ತರಗತಿಯಲ್ಲಿ. ನಾನು ಪಾಠ ಹೇಳುತ್ತಿದ್ದಾಗ ಉಗ್ಗು ಮಾತಿನ ಹುಡುಗನೊಬ್ಬನಿದ್ದ. ಒಂದು ದಿನ ಅವನು ಪದ್ಯ ಓದಲು ಎದ್ದು ನಿಂತ. ಹಿಂದಿನ ರಾತ್ರಿ ಯಾವುದೋ ಹಾಸ್ಯ ಕಾರ್ಯಕ್ರಮದಲ್ಲಿ ಬಂದಿದ್ದ ಅಣಕ ಕಡೆಯ ಬೆಂಚಿನಿಂದ ಯಥಾವತ್ತಾಗಿ ಕೇಳಿಬಂತು. ತರಗತಿಗೆ ತರಗತಿಯೇ ನಕ್ಕಿತು. ನನ್ನ ತುಟಿಯೂ ಅರೆಗಳಿಗೆ ಅರಳಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಗದರಿಸಿದಾಗ, "ಸುಮ್ನೆ ಕಾಮಿಡಿ ಸಾರ್" ಎಂಬ ಉತ್ತರ ಬಂತು. ನಿಂತಿದ್ದ ಹುಡುಗನೂ ನಕ್ಕ. ಆದರೆ ಆ ವರ್ಷ ಅವನು ಮತ್ತೆ ಓದಲು ಏಳಲಿಲ್ಲ.

ಅವನು ನಕ್ಕನೆಂಬುದು ಸಾಕ್ಷಿಯಾಗಲಾರದು. ನಗೆಗೆ ಗುರಿಯಾದವನು ನಗೆ ಮುಗಿದ ಮೇಲೆ ಮತ್ತೆ ಬಾಯಿ ತೆರೆಯಬಲ್ಲನೆ? ಇದೇ ಅಳತೆ. ನಾವು ನಕ್ಕಷ್ಟೂ ವರಲಕ್ಷ್ಮಿ ಮರುವಾರ ಇನ್ನಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳು.

ದೋಷವೆಲ್ಲ ನಟರದೆನ್ನುವುದು ನ್ಯಾಯವಲ್ಲ. ರಾಶಿಯವರ 'ಕೊರವಂಜಿ' 1942ರಿಂದ 1967ರವರೆಗೆ ಕನ್ನಡಿಗರನ್ನು ನಗಿಸಿತು. ಅದು ತಿಂಗಳಿಗೊಮ್ಮೆ ಬರುತ್ತಿದ್ದ ಪತ್ರಿಕೆ. ಕಿರುತೆರೆಗಾದರೋ ವಾರವಾರವೂ ಗಂಟೆಗಟ್ಟಲೆ ನಗೆ ಬೇಕು. ಬರೆಯುವವನಿಗೆ ಬಿಡುವಿಲ್ಲದಾಗ ಸುಲಭವಾಗಿ ಕೈಗೆ ಸಿಕ್ಕುವುದು ಎದುರಿಗೆ ನಿಂತವನ ಮೈ. ವಾರಗಳನ್ನು ಕಡಮೆ ಮಾಡಿ, ಬರಹಗಾರನಿಗೆ ಕಾಲ ಕೊಟ್ಟರೆ ನಷ್ಟವೇನು? ಒಳ್ಳೆಯ ನಗೆಗಾಗಿ ಜನ ಕಾಯುತ್ತಾರೆ.

ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡರು. ಮರುವರ್ಷ 'ಮಜಾ ಟಾಕೀಸ್' ಮರಳಿದಾಗ ಅಲ್ಲಿ ಅವರಿರಲಿಲ್ಲ. ಆ ಸ್ಥಾನವನ್ನು ತುಂಬಿರೆಂದು ನಾನು ಕೇಳುವುದಿಲ್ಲ. ಅದು ಆಗುವ ಮಾತಲ್ಲ. ತನ್ನ ಜಂಬವನ್ನೇ ಬಂಡವಾಳ ಮಾಡಿಕೊಂಡು ನಗಿಸುವ ಅಂಥ ಪಾತ್ರಗಳನ್ನು ಬರೆಯಿರಿ ಎಂದಷ್ಟೇ ಬೇಡುತ್ತೇನೆ. ಉಗ್ಗುವ ಹುಡುಗನೂ ತನ್ನ ಮನೆಯಲ್ಲಿ, ಅಪ್ಪ ಅಮ್ಮಂದಿರ ನಡುವೆ ಕುಳಿತು, ಅದನ್ನು ನೋಡುತ್ತಿರುತ್ತಾನೆ.